ಹಾಳೆಯ ಅಡಿಯ ಆರು ಸಾಲು

ಪಿಲಿಗೆ ಹನ್ನೊಂದು ತುಂಬಿದ ವರ್ಷ ಅವಳ ತಾಯಿ ಹಿದಾಯಾಳ ಸೊಂಟ ಕೈಕೊಡತೊಡಗಿತು. ಹುಡುಗಿಯ ಕಾಲುಗಳಲ್ಲಿ ಹುಟ್ಟಿನಿಂದಲೇ ಬಲವಿರಲಿಲ್ಲ. ಗಾಲಿಕುರ್ಚಿಯಿಂದ ಎತ್ತಿ ಆಟೋದಲ್ಲಿ ಕೂರಿಸಬೇಕು, ಶಾಲೆ ಬಂದಾಗ ಮತ್ತೆ ಎತ್ತಿ ಇಳಿಸಬೇಕು. ಆಟೋ ಹಿದಾಯಾಳದೇ, ತಾಂಗಾ ಎಂಬ ಆ ಕಡಲತೀರದ ಊರಿನಲ್ಲಿ ಆಟೋ ಓಡಿಸುವ ಹೆಂಗಸರಲ್ಲಿ ಅವಳೇ ಹಿರಿಯಳು. ಆದರೆ ಮಗಳು ಬೆಳೆಯುತ್ತಿದ್ದಳು, ತಾಯಿಯ ಬೆನ್ನು ಬೆಳೆಯುತ್ತಿರಲಿಲ್ಲ.

ಶಾಲೆಯಲ್ಲಿ ಪಿಲಿಯಂಥ ಮಕ್ಕಳು ಇನ್ನೂ ಐವರಿದ್ದರು. ಆರೂ ಮನೆಯವರು ಸೇರಿ ಒಂದು ವ್ಯಾನು ತರಿಸುವುದೆಂದು ನಿಶ್ಚಯಿಸಿದರು. ಮಾಮೂಲಿ ವ್ಯಾನಲ್ಲ. ಹಿಂಬಾಗಿಲು ತೆರೆದು ಗುಂಡಿ ಒತ್ತಿದರೆ ಇಳಿಜಾರು ಹಲಗೆಯೊಂದು ನೆಲಕ್ಕೆ ಚಾಚಿಕೊಳ್ಳಬೇಕು, ಮಗುವನ್ನು ಕುರ್ಚಿ ಸಮೇತ ಒಳಗೆ ತಳ್ಳಿಬಿಡಬಹುದು. ಜಪಾನಿನವರು ತಮ್ಮ ಮುದುಕರಿಗೆಂದು ಇಂಥ ವ್ಯಾನುಗಳನ್ನು ಮಾಡುತ್ತಾರೆ, ಹಳತಾದ ಮೇಲೆ ಅವು ಹರಾಜಿಗೆ ಬರುತ್ತವೆ ಎಂದು ಹೇಳಿದವನು ನಾಸೊರೊ. ಅಲ್ಲಿಂದ ಕಾರು ತರಿಸಿಕೊಡುವುದೇ ಅವನ ಕಸುಬು. ಗಾಡಿಯ ವಿಷಯ ತಿಳಿದವಳೆಂದು ಆರಿಸುವ ಕೆಲಸ ಹಿದಾಯಾಳ ಪಾಲಿಗೆ ಬಂತು.

ಒಂದು ಮಂಗಳವಾರ ನಾಸೊರೊ ಫೋನಿನಲ್ಲಿ ಬಿಳಿಯ ವ್ಯಾನೊಂದರ ಚಿತ್ರ ತೋರಿಸಿದ. ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

"ಅಕ್ಕಾ, ನೋಡು. ದರ್ಜೆ ನಾಲ್ಕು! ಅಲ್ಲಿ ಅಂಕಿ ಹೆಚ್ಚಾದಷ್ಟೂ ಗಾಡಿ ಒಳ್ಳೇದು, ನಾಲ್ಕು ಅಂದ್ರೆ ಸುಮ್ನೆ ಅಲ್ಲ. ನಾಳೆ ಬೆಳಿಗ್ಗೆ ಹರಾಜು. ಹೂಂ ಅನ್ನು, ಕೂಗಿಸ್ತೀನಿ."

"ಇದೇನಿದು?" ಹಿದಾಯಾ ಮುಂದಿನ ಚಿತ್ರಕ್ಕೆ ಸರಿಸಿದಳು. ಅದೊಂದು ಹಾಳೆ. ನಡುವೆ ಕಾರಿನ ರೇಖಾಚಿತ್ರ, ಅದರ ಮೈಮೇಲೆ ಅಲ್ಲಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ. ಅಡಿಯಲ್ಲಿ ಗೀಚಿದಂಥ ಜಪಾನೀ ಕೈಬರಹ.

"ಪರೀಕ್ಷೆ ಮಾಡಿದವರ ಹಾಳೆ. ಪ್ರತಿ ಗಾಡಿಗೂ ಇರುತ್ತೆ. ಅರ್ಥ ಇಲ್ಲಿದೆ ನೋಡು, ಗಾಡಿ ಕಳ್ಸೋ ಕಂಪನಿಯವರೇ ಬರ್ಕೊಟ್ಟಿದ್ದು: 'ಒಳ್ಳೆಯ ಸ್ಥಿತಿ, ದರ್ಜೆ ನಾಲ್ಕು.'"

ಹಿದಾಯಾ ಕೈಬರಹದ ಸಾಲುಗಳನ್ನು ಎಣಿಸಿದಳು. "ನಾಸೊರೊ, ಇಲ್ಲಿ ಆರು ಸಾಲು ಇದೆ. ನಿನ್ನ ಅರ್ಥ ಒಂದೇ ಸಾಲು. ಮಿಕ್ಕ ಐದರಲ್ಲಿ ಆ ಮನುಷ್ಯ ಏನು, ಹೆಂಡ್ತಿಗೆ ಕಾಗದ ಬರ್ದಿದಾನಾ?"

ನಾಸೊರೊ ನಕ್ಕ, ಆಮೇಲೆ ಕಿವಿ ತುರಿಸಿಕೊಂಡ. "ನಿಜ ಹೇಳ್ಲಾ? ನಂಗೂ ಓದೋಕೆ ಬರಲ್ಲ. ಎಂಟು ವರ್ಷದಿಂದ ಗಾಡಿ ತರಿಸ್ತಿದೀನಿ, ಯಾರೂ ಇದನ್ನ ಕೇಳಿರ್ಲಿಲ್ಲ." ಅವನೇ ಮುಂದುವರಿಸಿದ, "ನ್ಗಾಮಿಯಾನಿ ಕೇರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡ್ತಾರಲ್ಲ, ಕೊಂಬೊ ಅಜ್ಜ. ಅವರು ಜಪಾನಿನ ನಗೋಯಾದಲ್ಲಿ ಹತ್ತೊಂಬತ್ತು ವರ್ಷ ಇದ್ದರಂತೆ. ಕಾರು ಹರಾಜಿನ ಅಂಗಳದಲ್ಲೇ ಕೆಲ್ಸ."

ಹಿದಾಯಾ ಹಾಳೆಯನ್ನು ಅಚ್ಚು ಹಾಕಿಸಿಕೊಂಡು, ಶಾಲೆ ಬಿಟ್ಟ ಪಿಲಿಯನ್ನೂ ಕೂರಿಸಿಕೊಂಡು ಅಲ್ಲಿಗೇ ಆಟೋ ತಿರುಗಿಸಿದಳು.

ಕೊಂಬೊ ಮುದುಕ ಮನೆಯ ಜಗಲಿಯಲ್ಲಿ ಯಂತ್ರವೊಂದನ್ನು ಬಿಚ್ಚಿಹಾಕಿಕೊಂಡು ಕೂತಿದ್ದ. ತಿರುಪುಗಳನ್ನು ಬೆರಳಿನಿಂದಲೇ ತಡವಿ ಹುಡುಕುತ್ತಿದ್ದ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮಡಿಲಲ್ಲಿಟ್ಟುಕೊಂಡ.

"ಮಗಳೇ, ಕಾರಿನ ಚಿತ್ರ ಕಾಣುತ್ತೆ. ಅಕ್ಷರ ಎಲ್ಲ ಇರುವೆ ಸಾಲು. ಕಣ್ಣಲ್ಲಿ ಪೊರೆ ಬಂದಿದೆ."

ಹಿದಾಯಾ ಹಾಳೆಗೆ ಕೈ ಚಾಚಿದಳು. ಏಳೋಣವೆಂದುಕೊಂಡಳು. ಅಷ್ಟರಲ್ಲಿ ಪಿಲಿ ಕೇಳಿದಳು: "ಅಜ್ಜಾ, ದೊಡ್ಡದಾಗಿ ಬರೆದ್ರೆ ಕಾಣುತ್ತಾ?"

"ಎಷ್ಟು ದೊಡ್ಡದು?"

"ಚಪಾತಿಯಷ್ಟು."

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಅಲ್ಲೇ ಇತ್ತು. ಪಿಲಿಯನ್ನು ಕುರ್ಚಿಯಿಂದ ಇಳಿಸಿ ಜಗಲಿಯ ಗಾರೆಯ ಮೇಲೆ ಕೂರಿಸಿದರು. ಅವಳು ಹಾಳೆ ನೋಡಿ ನೋಡಿ ಒಂದೊಂದೇ ಅಕ್ಷರವನ್ನು ಬರೆಯತೊಡಗಿದಳು. ಅರ್ಥ ಗೊತ್ತಿಲ್ಲದಿದ್ದರೂ ಅವಳ ಗೆರೆ ನಡುಗುತ್ತಿರಲಿಲ್ಲ.

ಮೊದಲು ಕಾರಿನ ಚಿತ್ರ. "ಎ ಅಂದ್ರೆ ಗೀರು, ಯು ಅಂದ್ರೆ ತಗ್ಗು, ಡಬ್ಲ್ಯು ಅಂದ್ರೆ ರಿಪೇರಿ ಮಾಡಿದ ಗುರುತು," ಎಂದ ಕೊಂಬೊ. "ಪಕ್ಕದ ಅಂಕಿ ದೊಡ್ಡದಾದಷ್ಟೂ ಗಾಯ ದೊಡ್ಡದು. ಈ ಗಾಡೀಲಿ ಒಂದೇ ಒಂದು ಎ, ಅದೂ ಸಣ್ಣದು. ಮೈ ಚೆನ್ನಾಗಿದೆ. ಆ ದರ್ಜೆ ಸುಳ್ಳಲ್ಲ. ಆದ್ರೆ ಅದು ಹೆಚ್ಚಾಗಿ ಮೈ ನೋಡಿ ಕೊಟ್ಟದ್ದು. ಮನಸ್ಸು ಕೆಳಗಿನ ಸಾಲಲ್ಲಿರುತ್ತೆ. ಬರಿ ತಾಯಿ."

ನಾಲ್ಕನೆಯ ಸಾಲಿಗೆ ಬರುವಾಗ ಜಗಲಿಯ ಅರ್ಧ ತುಂಬಿತ್ತು. ಪಿಲಿ ಒಂದು ಅಡ್ಡಗೆರೆ ಎಳೆದು, ಅದರ ಕೆಳಗೆ ಮೂರು ಗೆರೆ ಇಳಿಬಿಟ್ಟಳು. ತಿರುಪು ತಡವುತ್ತಿದ್ದ ಮುದುಕನ ಕೈ ತಟ್ಟನೆ ನಿಂತಿತು.

"ಅದರ ಹಿಂದಿನ ಅಕ್ಷರಗಳನ್ನ ಇನ್ನೊಂದ್ಸಲ ಬರಿ. ಹೂಂ… ಇಳಿಜಾರು ಹಲಗೆ. ಈ ಮೂರು ಗೆರೆಯದು 'ಇಲ್ಲ' ಅನ್ನೋ ಅಕ್ಷರ. ಮುಂದಿನದನ್ನೂ ಬರಿ… 'ಚಲನೆ'." ಅವನು ಹಿದಾಯಾಳ ಕಡೆ ತಿರುಗಿದ. "ಹಲಗೆ ಕೆಲಸ ಮಾಡಲ್ಲ, ಮಗಳೇ. ಇದರ ಮೇಲಿನ ಸಾಲಲ್ಲಿ, ಗಾಡಿಯ ತಳದಲ್ಲಿ ತುಕ್ಕು ಅಂತಾನೂ ಬರ್ದಿದಾನೆ."

ಹಿದಾಯಾ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆ ಹೊಳೆಯುವ ವ್ಯಾನು ಬಂದು ನಿಂತು, ಆರು ಮನೆಯವರೂ ಸುತ್ತ ನೆರೆದು, ಅವಳು ಗುಂಡಿ ಒತ್ತಿ, ಏನೂ ಆಗದೆ ನಿಲ್ಲುವ ಗಳಿಗೆ ಅವಳ ಕಣ್ಣ ಮುಂದೆ ಹಾದುಹೋಯಿತು. ನಾಸೊರೊಗೆ ಫೋನು ಮಾಡಿ ಬೇಡವೆಂದಳು. ಅವನು, "ದೇವರು ದೊಡ್ಡೋನು, ಅಕ್ಕಾ. ನಾನು ನಿಮಗೆಲ್ಲ ಹೇಗೆ ಮುಖ ತೋರಿಸ್ತಿದ್ದೆ?" ಎಂದ.

ಮೂರು ವಾರ ಆ ಜಗಲಿ ಬಿಳಿ ಅಕ್ಷರಗಳಿಂದ ತುಂಬುತ್ತ, ತೊಳೆಸಿಕೊಳ್ಳುತ್ತ ಹೋಯಿತು. ಕೊಂಬೊನ ಮಗಳು ತೆಂಗಿನಹಾಲಲ್ಲಿ ಬೇಯಿಸಿದ ಮರಗೆಣಸು ತಂದಿಡುತ್ತಿದ್ದಳು. ಏಳು ಹಾಳೆ ಬೇಡವಾದವು. ಎಂಟನೆಯದು ನೋಡಲು ಅಧ್ವಾನವಾಗಿತ್ತು: ದರ್ಜೆ ಮೂರೂವರೆ, ಕಾರಿನ ಚಿತ್ರದ ತುಂಬ ಗೀರು ತಗ್ಗುಗಳ ಗುರುತು.

"ಮೇಕೆ ಹಿಂಡು ತುಳಿದ ಹಾಗಿದೆ," ಎಂದಳು ಹಿದಾಯಾ.

"ತಡಿ, ತಡಿ," ಎಂದ ಕೊಂಬೊ ನೆಲಕ್ಕೆ ಬಾಗಿ. "ಹೀಗೆ ಬರ್ದಿದಾನೆ: ಹಲಗೆ ಮೂರು ಸಲ ಇಳಿಸಿ ಏರಿಸಿ ನೋಡಿದೆ, ಸರಿಯಿದೆ. ಕುರ್ಚಿ ಎಳೆಯುವ ಬೆಲ್ಟು ಎರಡೂ ಇವೆ. ಎಂಜಿನ್ನಿನಲ್ಲಿ ಕೆಟ್ಟ ಸದ್ದಿಲ್ಲ. ತಳ ಸ್ವಚ್ಛ. ಒಳಗೆ ನಾಯಿ ಕೂದಲು, ಸಿಗರೇಟಿನ ವಾಸನೆ." ಅವನು ತಲೆ ಎತ್ತಿದ. "ಮೂರು ಸಲ! ಗೊತ್ತಾ ಮಗಳೇ, ಒಂದು ಗಾಡಿಗೆ ಪರೀಕ್ಷೆ ಮಾಡೋರಿಗೆ ಸಿಗೋದು ಕೆಲವೇ ನಿಮಿಷ. ಟಾರ್ಚು ಹಿಡಿದು ಮಂಡಿಯೂರಿ ತಳಕ್ಕೆ ಇಣುಕ್ತಾರೆ. ಪ್ಯಾಂಟು ಮಂಡಿಯ ಹತ್ರಾನೇ ಹರಿಯೋದು. ಹಲಗೆ ಒಂದ್ಸಲ ನೋಡಿದ್ರೆ ಸಾಕಿತ್ತು. ಇವನು ಮೂರು ಸಲ ನೋಡಿದಾನೆ."

ಆ ಗಾಡಿಯನ್ನೇ ಕೂಗಿಸಿದರು.

ಅದು ಹಡಗಿನಲ್ಲಿ ಬಂದು ದಾರ್ ಎಸ್ ಸಲಾಮ್ ಬಂದರಿನಲ್ಲಿ ಇಳಿದಾಗ ಹಿದಾಯಾ ಹಾಳೆ ಕೈಯಲ್ಲಿ ಹಿಡಿದೇ ಹೋದಳು. ಎಡಬಾಗಿಲಿನ ತಗ್ಗು ಹಾಳೆಯಲ್ಲಿದ್ದಲ್ಲೇ ಇತ್ತು. ಹಿಂದಿನ ಉದ್ದ ಗೀರು, ಬಂಪರಿನ ಮೂಲೆಯ ಸಣ್ಣ ಬಿರುಕು, ಎಲ್ಲವೂ. ಒಂದೊಂದರ ಮೇಲೂ ಅವಳು ಬೆರಳಿಟ್ಟಳು. ಬರೆಯದೇ ಬಿಟ್ಟ ಗಾಯ ಒಂದೂ ಸಿಗಲಿಲ್ಲ. ಒಳಗೆ ನಾಯಿ ಕೂದಲೂ ಇತ್ತು. ಗುಂಡಿ ಒತ್ತಿದಳು. ಹಲಗೆ ಗುಂಯ್ ಎನ್ನುತ್ತ ನೆಲ ಮುಟ್ಟಿತು. ಬಂದರಿನ ಬಿಸಿಲಲ್ಲಿ, ಹೊರೆಯಾಳುಗಳು ನೋಡುತ್ತಿರುವಂತೆಯೇ, ಅವಳು ಹಲಗೆಯ ಮೇಲೆ ಕೂತು ಅತ್ತುಬಿಟ್ಟಳು.

"ಅಕ್ಕಾ, ಏನಾಯ್ತು? ಸರಿ ಇಲ್ವಾ?" ನಾಸೊರೊ ಗಾಬರಿಯಾದ.

"ಸರಿ ಇದೆ ಕಣೋ. ಎಲ್ಲಾ ಸರಿ ಇದೆ. ನನ್ನ ಮುಖ ನೋಡದ ಮನುಷ್ಯ ನನಗೆ ಒಂದೂ ಸುಳ್ಳು ಹೇಳಿಲ್ಲ."

ಈಗ ಆ ವ್ಯಾನು ಒಂದು ಸಲಕ್ಕೆ ಎರಡು ಕುರ್ಚಿಯಂತೆ ದಿನಾ ಬೆಳಿಗ್ಗೆ ಮೂರು ಸುತ್ತು ಹೊಡೆಯುತ್ತದೆ. ಮೊದಲ ವಾರ ಶಾಲೆಯ ಕಾವಲುಗಾರ ಅಭ್ಯಾಸಬಲದಿಂದ ಮಕ್ಕಳನ್ನು ಎತ್ತಲು ಓಡಿ ಬರುತ್ತಿದ್ದ. "ಕೂತ್ಕೊಳ್ಳಪ್ಪಾ, ಚಹಾ ಕುಡಿ, ನಾವೇ ಇಳೀತೀವಿ," ಎಂದು ಪಿಲಿ ಗತ್ತಿನಿಂದ ಹೇಳುತ್ತಿದ್ದಳು.

ಆ ತಪಾಸಣೆಗಾರನ ಹೆಸರು ಹಾಳೆಯಲ್ಲಿ ಇರಲಿಲ್ಲ. ಅಂಥವರ ಹೆಸರು ಇರುವುದಿಲ್ಲವಂತೆ. ಆದರೂ ಹಿದಾಯಾ ಬಿಡಲಿಲ್ಲ. ಕೊಂಬೊ ಜಗಲಿಯ ಮೇಲೆ ದೊಡ್ಡದಾಗಿ ಬರೆದು ಹೇಳಿಕೊಟ್ಟ, ಪಿಲಿ ನೋಡಿ ಬರೆದಳು: ಜಪಾನೀ ಅಕ್ಷರದಲ್ಲಿ ನಾಲ್ಕು ಸಾಲಿನ ವಂದನೆಯ ಕಾಗದ, ಜೊತೆಗೆ ವ್ಯಾನಿನ ಮುಂದೆ ಆರು ಮಕ್ಕಳು ನಿಂತ, ಅಲ್ಲ, ಕೂತ ಚಿತ್ರ.

"ಯಾರಿಗೆ ಅಂತ ಕಳ್ಸಲಿ ಅಕ್ಕಾ? ಅಲ್ಲಿ ನೂರಾರು ಜನ ಇರ್ತಾರೆ," ಎಂದ ನಾಸೊರೊ.

"ಹರಾಜಿನ ಮನೆಗೇ ಕಳ್ಸು. ಗೋಡೆಗೆ ಅಂಟಿಸ್ಲಿ. ಅವನಿಗೇ ಸಿಗ್ಲಿ, ಪಕ್ಕದವನಿಗೇ ಸಿಗ್ಲಿ. ಯಾರು ಮಂಡಿಯೂರ್ತಾರೋ ಅವರಿಗೆಲ್ಲ ಸೇರ್ಬೇಕಾದ್ದು ಅದು."

ನಾಸೊರೊ ಕಾಗದವನ್ನು ಜೇಬಿಗಿಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಚೆ ಕಚೇರಿಯ ಕಡೆ ನಡೆದ.