ನಲ್ಲಪ್ಪನೂ ಹೊಸ ಜಲವಾಹನವೂ

ನಲ್ಲಪ್ಪ ಚಿಂತಾಮಣಿ ಕಡೆಯ ಒಂದು ಅಗ್ನಿಶಾಮಕ ಠಾಣೆಯಲ್ಲಿ ಡ್ರೈವರ್. ಇಪ್ಪತ್ತೆಂಟು ವರ್ಷದ ಸರ್ವೀಸು. ಅದರಲ್ಲಿ ಕೊನೆಯ ಹದಿನೈದು ವರ್ಷ ಒಂದೇ ಜಲವಾಹನವನ್ನು ಓಡಿಸಿದ್ದ. ಎರಡನೇ ಗೇರಿಗೆ ಬೀಳುವಾಗ ಅದು ಸ್ವಲ್ಪ ತಡೆಯುತ್ತದೆ, ಚಳಿಗಾಲದ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ, ಪಂಪಿಗೆ ನೀರು ಹತ್ತಿದೊಡನೆ ಅದರ ಸದ್ದು ದಪ್ಪವಾಗುತ್ತದೆ. ಇದೆಲ್ಲ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒತ್ತಡ ತೋರಿಸುವ ಮೀಟರಿನ ಮುಳ್ಳನ್ನು ಅವನು ನೋಡುತ್ತಲೂ ಇರಲಿಲ್ಲ. ಕಿವಿಯೇ ಸಾಕಾಗಿತ್ತು.

ಫೆಬ್ರವರಿಯಲ್ಲಿ ಠಾಣೆಗೆ ಹೊಸ ಜಲವಾಹನ ಬಂತು. ಅದರ ಹಿಂಭಾಗದಲ್ಲಿ ಪಂಪಿನ ಲಿವರುಗಳ ಜಾಗದಲ್ಲಿ ಒಂದು ಸ್ಕ್ರೀನು, ಅದರ ಕೆಳಗೆ ಎರಡು ಸಾಲು ಗುಂಡಿಗಳು, ಪ್ರತಿ ಗುಂಡಿಯ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು. ಗಾಡಿ ಮಾಡಿದ ಕಂಪನಿಯ ಇಂಜಿನಿಯರು ಬಂದು ಎರಡು ದಿನ ಹೇಳಿಕೊಟ್ಟ. ಮೂರನೇ ದಿನ ಜಿಲ್ಲೆಯ ಅಧಿಕಾರಿಗಳ ಮುಂದೆ ಅಣಕು ಪ್ರದರ್ಶನ. ನೀರು ಬಿಡಬೇಕಾದ ಹೊತ್ತಿಗೆ ನಲ್ಲಪ್ಪ ಒತ್ತಿದ್ದು ನೊರೆಯ ಗುಂಡಿ. ಮೈದಾನದ ಅರ್ಧ ಭಾಗ ಬೆಳ್ಳಗಾಯಿತು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದವರ ಬೂಟಿನವರೆಗೂ ನೊರೆ ಹರಿಯಿತು. ಯಾರೂ ಬೈಯಲಿಲ್ಲ. ಕೆಲವರು ನಕ್ಕರು. ಠಾಣಾಧಿಕಾರಿ ಸಿದ್ಧಾರ್ಥ್, ಇನ್ನೂ ಮೂವತ್ತೆರಡರ ಹುಡುಗ, ಹೊಸದರಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಸಮಾಧಾನ ಹೇಳಿದ.

ಅಂದಿನಿಂದ ನಲ್ಲಪ್ಪ ಹೊಸ ಗಾಡಿಯ ಹತ್ತಿರ ಹೋಗಲಿಲ್ಲ. ಕರೆ ಬಂದರೆ ಅದನ್ನು ಮುನೇಶ್ ತೆಗೆಯುತ್ತಿದ್ದ. ಮುನೇಶ್ ಮೂರು ವರ್ಷದ ಹಿಂದೆ ಸೇರಿದ ಡ್ರೈವರ್. ನಲ್ಲಪ್ಪ ಹಳೆಯದನ್ನು ತೊಳೆದು, ಆಯಿಲ್ ನೋಡಿ, ಎರಡನೇ ಗಾಡಿಯಾಗಿ ಸಿದ್ಧ ಇಟ್ಟಿರುತ್ತಿದ್ದ. ಅಣ್ಣನಿಗೆ ಹಳೇ ಗಾಡಿಯ ಮೇಲೆ ಪ್ರೀತಿ ಎಂದು ಠಾಣೆಯವರೆಲ್ಲ ತಿಳಿದುಕೊಂಡರು. ನಲ್ಲಪ್ಪನೂ ಹಾಗೇ ತಿಳಿಯಲಿ ಎಂದು ಬಿಟ್ಟ.

ನಿಜವಾದ ಕಾರಣ ಬೇರೆ ಇತ್ತು. ಅವನಿಗೆ ಆ ಅಕ್ಷರಗಳು ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಹತ್ತಿರದ್ದೆಲ್ಲ ಮಸುಕು. ಮೊಬೈಲಿಗೆ ಡ್ಯೂಟಿಯ ಮೆಸೇಜು ಬಂದರೆ ಏನು ಬಂದಿದೆ ನೋಡಪ್ಪ ಎಂದು ಮುನೇಶನ ಕೈಗೆ ಕೊಡುತ್ತಿದ್ದ. ನಲ್ಲಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಯ್ಯಪ್ಪ ಎಂಬ ಹಿರಿಯ ಡ್ರೈವರ್ ಇದ್ದ. ಕಣ್ಣಿನ ತಪಾಸಣೆಯಲ್ಲಿ ಬಯ್ಯಪ್ಪ ಫೇಲಾದ. ಮಾರನೆಯ ದಿನವೇ ಅವನನ್ನು ಗಾಡಿಯಿಂದ ಇಳಿಸಿ ಫೋನಿನ ಮುಂದೆ ಕೂರಿಸಿದರು. ಸೈರನ್ ಮೊಳಗಿದಾಗಲೆಲ್ಲ ಬಯ್ಯಪ್ಪ ಕುರ್ಚಿಯಿಂದ ಎದ್ದು ನಿಂತು, ಮತ್ತೆ ಕೂರುತ್ತಿದ್ದುದನ್ನು ನಲ್ಲಪ್ಪ ಮರೆತಿರಲಿಲ್ಲ.

ಮಾರ್ಚಿನಲ್ಲಿ ಆದೇಶ ಬಂತು. ಹದಿನೈದು ವರ್ಷ ತುಂಬಿದ ಸರ್ಕಾರಿ ಗಾಡಿಗಳು ಇನ್ನು ರಸ್ತೆಗಿಳಿಯುವಂತಿಲ್ಲ, ಹರಾಜಿಗಾಗಿ ಚಿಕ್ಕಬಳ್ಳಾಪುರದ ಕಚೇರಿಗೆ ಒಪ್ಪಿಸಬೇಕು. ಶಿಡ್ಲಘಟ್ಟದಿಂದಲೂ ಒಂದು ಹಳೆಯ ಗಾಡಿ ಹೋಗುವುದಿತ್ತು. ಅದರ ಡ್ರೈವರ್ ಸಾದಿಕ್ ಪಾಷಾ, ನಲ್ಲಪ್ಪನ ಜೊತೆಗೇ ತರಬೇತಿ ಮುಗಿಸಿದವನು. ಇಬ್ಬರೂ ಶಿಡ್ಲಘಟ್ಟದಲ್ಲಿ ಸೇರಿ, ಟೀ ಕುಡಿದು, ಒಂದರ ಹಿಂದೆ ಒಂದು ನಿಧಾನವಾಗಿ ಹೊರಟರು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ತಲೆಯೆತ್ತಿ ನೋಡಿದರು. ಒಂದರ ಹಿಂದೆ ಒಂದು ಕೆಂಪು ಗಾಡಿ, ಸೈರನ್ ಇಲ್ಲ. ಎಲ್ಲಿ ಬಿದ್ದಿದೆ ಬೆಂಕಿ ಎಂದು ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಕೇಳಿದ. ಎಲ್ಲೂ ಇಲ್ಲ ಎಂದ ನಲ್ಲಪ್ಪ.

ಕಚೇರಿಯ ಹಿಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಗುಮಾಸ್ತ ಒಂದು ಪಟ್ಟಿ ತಂದು ಕೊಟ್ಟ. ಗಾಡಿಯಲ್ಲಿರುವ ಸಾಮಾನುಗಳನ್ನು ಡ್ರೈವರ್ ಒಂದೊಂದಾಗಿ ಓದಿ ಹೇಳಬೇಕು, ಗುಮಾಸ್ತ ನೋಡಿ ಗುರುತು ಹಾಕಿಕೊಳ್ಳಬೇಕು. ಪಾಷಾ ಜೇಬಿನಿಂದ ಕನ್ನಡಕ ತೆಗೆದು ತನ್ನ ಪಟ್ಟಿಯನ್ನು ಹತ್ತು ನಿಮಿಷದಲ್ಲಿ ಮುಗಿಸಿದ. ನಲ್ಲಪ್ಪನ ಸರದಿ ಬಂತು. ಅವನು ಕಾಗದವನ್ನು ಮುಖದಿಂದ ದೂರ ಹಿಡಿದ, ಬಿಸಿಲಿಗೆ ತಿರುಗಿಸಿದ, ಕೊನೆಗೆ ನೀನೇ ಓದಿಬಿಡು ಎಂದು ಪಾಷಾನ ಕಡೆ ಚಾಚಿದ. ಪಾಷಾ ಅದನ್ನು ತೆಗೆದುಕೊಳ್ಳಲಿಲ್ಲ. ಗುಮಾಸ್ತನಿಗೆ ಐದು ನಿಮಿಷ ಬರ್ತೀವಿ ಎಂದು ಹೇಳಿ, ನಲ್ಲಪ್ಪನನ್ನು ಹೊಂಗೆ ಮರದ ನೆರಳಿಗೆ ಕರೆದುಕೊಂಡು ಹೋದ.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದ.

"ಎರಡು ವರ್ಷ ಆಗಿರಬೋದು. ದೂರದ್ದು ಚೆನ್ನಾಗಿ ಕಾಣ್ತದೆ. ಹತ್ರದ್ದು ಕಲಸಿಹೋಗ್ತದೆ."

"ಯಾರಿಗೂ ಹೇಳಿಲ್ವಾ?"

"ಹೇಳಿದ್ರೆ ಬಯ್ಯಪ್ಪನ ಗತಿ ಆಗ್ತಿತ್ತು ಕಣೋ."

"ಬಯ್ಯಪ್ಪಂಗೆ ಪೊರೆ ಬಂದು ಬಲಿತುಬಿಟ್ಟಿತ್ತು ಕಣಯ್ಯ. ಎದುರಿಗೆ ಬರೋ ಲಾರಿನೇ ಕಾಣ್ತಿರಲಿಲ್ಲ. ನಿಂದು ಅದಲ್ಲ, ವಯಸ್ಸು. ನಂಗೂ ಅದೇ. ಕನ್ನಡಕ ಹಾಕ್ಕೊಂಡು ಐದು ವರ್ಷ ಆಯ್ತು, ನನ್ನನ್ನ ಯಾರು ಇಳಿಸಿದ್ರು?" ಎಂದು ಪಾಷಾ ತನ್ನ ಕನ್ನಡಕವನ್ನೇ ತೆಗೆದು ಕೊಟ್ಟ.

ನಲ್ಲಪ್ಪ ಹಾಕಿಕೊಂಡ. ಪಟ್ಟಿಯ ಮೇಲಿನ ಇರುವೆ ಸಾಲು ಅಕ್ಷರಗಳಾಗಿ ನಿಂತಿತು. ಅವನು ಹಿಂದಿರುಗಿ ಹೋಗಿ ಮೂವತ್ತೊಂಬತ್ತು ಸಾಮಾನುಗಳನ್ನೂ ತಾನೇ ಓದಿದ. ಏಣಿ, ಕೊಡಲಿ, ಹಗ್ಗ, ಹೋಸ್ ಪೈಪು. ಗುಮಾಸ್ತ ಗುರುತು ಹಾಕಿಕೊಂಡ. ಸಹಿ ಮಾಡುವಾಗ ನಲ್ಲಪ್ಪನಿಗೆ ಗಾಡಿ ಬಿಟ್ಟುಹೋಗುವ ಬೇಸರಕ್ಕಿಂತ ಹೆಚ್ಚಾಗಿ, ಎರಡು ವರ್ಷ ಸುಮ್ಮಸುಮ್ಮನೆ ಹೆದರಿದೆನಲ್ಲ ಎಂಬ ನಾಚಿಕೆಯಾಯಿತು. ಪಾಷಾ ಅವನನ್ನು ಬಜಾರ್ ರಸ್ತೆಯ ಕನ್ನಡಕದ ಅಂಗಡಿಗೆ ಕರೆದೊಯ್ದು, ಆಮೇಲೆ ಚಿಂತಾಮಣಿ ಬಸ್ಸು ಹತ್ತಿಸಿದ.

ಮಾರನೆಯ ದಿನ ನಲ್ಲಪ್ಪ ಸಿದ್ಧಾರ್ಥನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಸಿದ್ಧಾರ್ಥ್ ಪೆನ್ನು ಕೆಳಗಿಟ್ಟ.

"ನಾನು ನಿಮಗೆ ಹೊಸ ಗಾಡಿ ಇಷ್ಟ ಇಲ್ಲ ಅಂದ್ಕೊಂಡಿದ್ದೆ ನಲ್ಲಪ್ಪನೋರೇ. ಕೇಳಬೇಕಿತ್ತು ನಾನು. ಕೇಳಲಿಲ್ಲ, ನಂದೂ ತಪ್ಪು."

ಆದರೂ ನಿಯಮ ನಿಯಮವೇ. ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಬರೆಸಿಕೊಂಡು ಬನ್ನಿ, ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ ಎಂದ. ನಾಲ್ಕು ದಿನ ನಲ್ಲಪ್ಪ ಫೋನಿನ ಪಕ್ಕದಲ್ಲಿ ಕೂತ. ಐದನೇ ದಿನ ಡಾಕ್ಟರು ದೂರದ ದೃಷ್ಟಿ ಸರಿಯಿದೆ, ಓದುವುದಕ್ಕೆ ಮಾತ್ರ ಕನ್ನಡಕ ಬೇಕು, ವಾಹನ ಓಡಿಸಬಹುದು ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಅವನು ಬಸ್ಸಿನಲ್ಲಿ ಮೂರು ಸಲ ಓದಿದ.

ಆಮೇಲೆ ಮುನೇಶನಿಂದ ಕಲಿಯಲು ಕೂತ. ಮುನೇಶ್ ಇಂಗ್ಲಿಷಿನದನ್ನು ಓದಿ ಹೇಳಿದ, ನಲ್ಲಪ್ಪ ಬಿಳಿ ಟೇಪಿನ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು ಗುಂಡಿಗಳ ಪಕ್ಕ ಅಂಟಿಸಿದ. ನೊರೆ. ದೊಡ್ಡ ಪೈಪು. ಹನಿ. ಹನಿ ಎಂದರೆ ಸಣ್ಣ ಪೈಪಿನಿಂದ ಭಾರಿ ಒತ್ತಡದಲ್ಲಿ ಮಂಜಿನಂತೆ ನೀರು ಹಾರಿಸುವ ಗುಂಡಿ. ಹಳೆಯ ಗಾಡಿಯಲ್ಲಿ ಅಂಥದ್ದು ಇರಲಿಲ್ಲ. ಈ ಗಾಡಿಯ ಪಂಪು ಸದ್ದನ್ನೇ ಮಾಡುವುದಿಲ್ಲ ಎಂದು ನಲ್ಲಪ್ಪನಿಗೆ ಮೊದಮೊದಲು ಕಷ್ಟವಾಯಿತು. ವಾರ ಕಳೆದ ಮೇಲೆ, ಪಂಪಿನ ಮೇಲೆ ಅಂಗೈ ಇಟ್ಟರೆ ನೀರು ಹತ್ತಿದಾಗ ನಡುಕ ಬದಲಾಗುವುದು ತಿಳಿಯಿತು. ಅದನ್ನು ಮುನೇಶನಿಗೂ ತೋರಿಸಿದ. ಮುನೇಶ್ ಕೈಯಿಟ್ಟು ನೋಡಿ, ಸ್ಕ್ರೀನು ನೋಡಿ, ಮತ್ತೆ ಕೈಯಿಟ್ಟು, ಹೌದಲ್ಲಣ್ಣ ಎಂದ.

ಏಪ್ರಿಲ್ ನಡುವಿನಲ್ಲಿ ಒಂದು ಮಧ್ಯಾಹ್ನ ಕೆಂಚಾರ್ಲಹಳ್ಳಿಯಿಂದ ಕರೆ ಬಂತು. ರಾಗಿಹುಲ್ಲಿನ ಬಣವೆಗೆ ಬೆಂಕಿ. ಹೊಸ ಗಾಡಿಯನ್ನು ನಲ್ಲಪ್ಪ ಓಡಿಸಿದ, ಸಿದ್ಧಾರ್ಥ್ ಪಕ್ಕದಲ್ಲಿ, ಮುನೇಶ್ ಮತ್ತು ಇಬ್ಬರು ಹಿಂದೆ. ಹೋಗುವಷ್ಟರಲ್ಲಿ ಬಣವೆ ಪೂರ್ತಿ ಹತ್ತಿಕೊಂಡಿತ್ತು. ಹತ್ತು ಮಾರು ಆಚೆಗೆ ಶೀಟಿನ ಮಾಡಿನ ರೇಷ್ಮೆ ಹುಳದ ಮನೆ. ಗಾಳಿ ಅದೇ ಕಡೆಗೆ ಬೀಸುತ್ತಿತ್ತು. ಆ ಮನೆಯ ಆದಿಲಕ್ಷ್ಮಮ್ಮ ಗಾಡಿ ನಿಲ್ಲುವ ಮುಂಚೆಯೇ ನಲ್ಲಪ್ಪನ ಬಾಗಿಲಿಗೆ ಬಂದಳು.

"ಅಣ್ಣಾ, ಹುಲ್ಲು ಹೋದ್ರೆ ಹೋಗ್ಲಿ. ಹುಳ ಹಣ್ಣಾಗವೆ, ಬೆಳಗ್ಗೆನೇ ಚಂದ್ರಿಕೆಗೆ ಬಿಟ್ಟೀವಿ. ಒಳಕ್ಕೆ ನೀರು ಬಿದ್ರೆ ಗೂಡು ಕಟ್ಟಲ್ಲ ಅವು."

ಚಂದ್ರಿಕೆಯೆಂದರೆ ಹಣ್ಣಾದ, ಅಂದರೆ ಮೇವು ಬಿಟ್ಟು ನೂಲು ತೆಗೆಯಲು ಸಿದ್ಧವಾದ ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ. ಹುಳದ ಮನೆಯ ಕಿಟಕಿಗಳಿಗೆ ಬರೀ ಬಲೆ. ಮುನೇಶ್ ಅಷ್ಟರಲ್ಲಿ ದೊಡ್ಡ ಪೈಪನ್ನು ಗೋಡೆಯ ಕಡೆ ಎಳೆದಿದ್ದ. ಆ ನೀರು ಹೊಡೆದರೆ ಗೋಡೆ ತಣ್ಣಗಾಗುತ್ತಿತ್ತು, ಕಿಟಕಿಯೊಳಗಿನದೆಲ್ಲ ತೊಯ್ದು ಹೋಗುತ್ತಿತ್ತು. ನಲ್ಲಪ್ಪ ಪಂಪಿನ ಹತ್ತಿರ ನಿಂತು, ಅದು ಬೇಡಪ್ಪ, ಸಣ್ಣದು ತಗೋ ಎಂದು ಕೂಗಿ ಹೇಳಿದ. ಸಿದ್ಧಾರ್ಥ್ ಒಮ್ಮೆ ಅವನ ಮುಖ ನೋಡಿ, ಸರಿ ಎಂದು ಕೈಯೆತ್ತಿದ. ನಲ್ಲಪ್ಪ ಕನ್ನಡಕ ಏರಿಸಿಕೊಂಡು ಹನಿಯ ಗುಂಡಿ ಒತ್ತಿ, ಪಂಪಿನ ಮೇಲೆ ಅಂಗೈಯಿಟ್ಟು, ಸ್ಕ್ರೀನಿನ ಅಂಕಿ ಏರುವುದನ್ನು ನೋಡುತ್ತ ನಿಂತ. ಬಣವೆಗೂ ಮನೆಗೂ ನಡುವೆ ಮಂಜಿನ ಗೋಡೆಯೊಂದು ಎದ್ದಿತು. ಕಿಡಿಗಳು ಅದರೊಳಗೆ ಬಂದು ಕರಗಿದವು. ಊರಿನವರು ಒದ್ದೆ ಗೋಣಿಚೀಲಗಳನ್ನು ತಂದು ಕಿಟಕಿಗಳಿಗೆ ಕಟ್ಟಿದರು.

ಬಣವೆ ಉಳಿಯಲಿಲ್ಲ. ಒಂದು ಗಂಟೆಯ ಮೇಲೆ ಜ್ವಾಲೆ ಇಳಿದಾಗ ಟ್ರ್ಯಾಕ್ಟರಿನಿಂದ ಹುಲ್ಲನ್ನು ಎಳೆದು ಹರಡಿ, ದೊಡ್ಡ ಪೈಪಿನಿಂದ ನೆನೆಸಿದರು. ಬಣವೆಯ ಕಡೆಯ ಗೋಡೆಗಿದ್ದ ಚಂದ್ರಿಕೆಗಳಿಗೆ ಹೊಗೆ ನುಗ್ಗಿ, ಕಾಲುಪಾಲು ಹುಳ ಕೆಳಗೆ ಉದುರಿದ್ದವು. ಮಿಕ್ಕವು ನೂಲು ಬಿಡಲು ಶುರು ಮಾಡಿದ್ದವು. ಆದಿಲಕ್ಷ್ಮಮ್ಮ ಬಾಗಿಲನ್ನು ಗೇಣಷ್ಟು ತೆರೆದು, ನೋಡಿ ಬೇಕಾದರೆ ಎಂದು ಕರೆದಳು. ನಲ್ಲಪ್ಪನೂ ಸಿದ್ಧಾರ್ಥನೂ ಬೂಟು ಕಳಚಿ ಹೊಸ್ತಿಲಿನಲ್ಲೇ ಬಗ್ಗಿ ನೋಡಿದರು. ಹುಳಗಳು ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸುತ್ತಿದ್ದವು. ಆದಿಲಕ್ಷ್ಮಮ್ಮ ಉದುರಿದ ಹುಳಗಳನ್ನು ಮೊರಕ್ಕೆ ಗುಡಿಸಿಕೊಳ್ಳುತ್ತ, ಇವಿಷ್ಟೇ ಹೋಗಿದ್ದು, ಪರವಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಹುಲ್ಲಿನೊಳಗೆ ಬೆಂಕಿ ಮತ್ತೆ ಎದ್ದೀತೆಂದು ಅವರು ಬಿಸಿಲಿಳಿಯುವವರೆಗೂ ಅಲ್ಲೇ ಉಳಿದರು. ಪಕ್ಕದ ತೋಟದ ಹೊಂಡದಿಂದ ಮುನೇಶ್ ಟ್ಯಾಂಕಿಗೆ ನೀರು ತುಂಬಿಸಿದ. ಆದಿಲಕ್ಷ್ಮಮ್ಮ ಚೊಂಬಿನಲ್ಲಿ ಮಜ್ಜಿಗೆ ತಂದಳು. ನಲ್ಲಪ್ಪ ಗಾಡಿಯ ಮೆಟ್ಟಿಲ ಮೇಲೆ ಕೂತು ಎರಡು ಲೋಟ ಕುಡಿದ. ಮೂರನೆಯದನ್ನು ಮುನೇಶನಿಗೆ ಎಂದು ಎತ್ತಿಟ್ಟುಕೊಂಡ.