ಬಿಗಿದ ಮೇಲಿನ ದಪ್ಪ

ನನ್ನ ಭಾವ ಆರ್ವೊ ರ‍್ಯಾಲಿ ಕಾರಿನ ಎಂಜಿನ್ ಕಟ್ಟುವುದರಲ್ಲಿ ಪಳಗಿದ ಕೈ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಕಡು ಜಿಪುಣ. ಹೋದ ಚಳಿಗಾಲ ಹೆಪ್ಪುಗಟ್ಟಿದ ಸರೋವರದ ಮೇಲಿನ ಓಟದಲ್ಲಿ ಅವನ ಮಗಳು ಹೆಲ್ಕ ಓಡಿಸುತ್ತಿದ್ದ ಕಾರಿನ ಪಿಸ್ಟನ್ನಿಗೆ ತೂತು ಬಿತ್ತು. ಗೇರ್ ಹಾಕಲು ಬಾರದವಳು ಎಂಜಿನ್ ಕೊಂದಳು ಎಂದು ದಡದ ಸಾಸೇಜ್ ಅಂಗಡಿಯ ಮುಂದೆ ಎಲ್ಲರೆದುರು ಆರ್ವೊ ಅವಳನ್ನು ಬೈದ. ಅವತ್ತಿನಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ. ನನ್ನ ಅಕ್ಕ ಲೆಂಪಿಯೂ ಗಂಡನ ಮಾತನ್ನೇ ನಂಬಿದಳು. ಮಗಳದೇ ತಪ್ಪು ಎಂದುಕೊಂಡೇ ಎಲೆ ಉದುರುವ ಹೊತ್ತಿಗೆ ಕಣ್ಣು ಮುಚ್ಚಿದಳು.

ಈ ಸಲ ಬೇರೊಬ್ಬ ಡ್ರೈವರ್‌ಗೆ ಅಂಥದೇ ಎಂಜಿನ್ ಕಟ್ಟಬೇಕಿತ್ತು. ಆರ್ವೊನ ಕಣ್ಣು ಮಂಜಾಗಿದ್ದರಿಂದ ಅಳತೆಗೆ ಹೆಲ್ಕ ಕೂತಳು. ಎಂಜಿನ್ನಿನ ಮುಚ್ಚಳವಾದ ಸಿಲಿಂಡರ್ ಹೆಡ್ಡಿನ ಕುಳಿಯ ಮೇಲೆ ಗ್ರೀಸ್ ಹಚ್ಚಿದ ಗಾಜು ಮುಚ್ಚಿ, ಅದರ ತೂತಿನಿಂದ ಎಣ್ಣೆ ಬಿಟ್ಟು, ಎಷ್ಟು ಹಿಡಿಯುತ್ತದೆಂದು ನೋಡಿದಳು. ಹೆಡ್ಡಿನ ಕೆಳಗೆ ಕೂರುವ ಗ್ಯಾಸ್ಕೆಟ್ಟಿನ ದಪ್ಪವನ್ನು ಆರ್ವೊ ಬಾಯಲ್ಲೇ ಹೇಳಿದ. ಕಂಪ್ರೆಶನ್ ಲೆಕ್ಕ, ಅಂದರೆ ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು, ಹನ್ನೆರಡಕ್ಕೆ ಬಂತು. ಬಂಕಿನ ಪೆಟ್ರೋಲ್ ತಡೆದುಕೊಳ್ಳುವುದು ಅಷ್ಟನ್ನೇ.

"ಅಪ್ಪ, ನೀನು ಹೇಳಿದ್ದು ಹೊಸ ಗ್ಯಾಸ್ಕೆಟ್ ದಪ್ಪ ಅಲ್ವಾ? ಬೋಲ್ಟ್ ಬಿಗಿದ್ಮೇಲೆ ಎಷ್ಟಾಗತ್ತೆ?"

"ನಾನು ಲೆಕ್ಕ ಹಾಕೋದೇ ಹೀಗೆ. ನೀನು ಹುಟ್ಟೋಕ್ಕಿಂತ ಮುಂಚಿಂದ."

ಅದು ನಿಜ. ಅವನ ಹಳೆಯ ತಾಮ್ರದ ಗ್ಯಾಸ್ಕೆಟ್ಟುಗಳು ಎಷ್ಟು ಬಿಗಿದರೂ ತಗ್ಗುತ್ತಿರಲಿಲ್ಲ. ಆದರೆ ಹೋದ ವರ್ಷದಿಂದ ಅವನು ಮೆತ್ತನೆಯವನ್ನು ತರಿಸುತ್ತಿದ್ದ. ಹೆಲ್ಕ ಎದ್ದು, ತನ್ನ ಕಾರಿನ ಸತ್ತ ಎಂಜಿನ್ನಿನಿಂದ ಬಿಚ್ಚಿ ಗೋಡೆಗೆ ನೇತುಹಾಕಿದ್ದ ಗ್ಯಾಸ್ಕೆಟ್ ತಂದು ಅಳೆದಳು. ಹೊಸದರ ಮೂರರಲ್ಲಿ ಎರಡು ಪಾಲು ಮಾತ್ರ ಉಳಿದಿತ್ತು. ಒಳಗಿನ ಜಾಗ ಅಷ್ಟು ಕಿರಿದಾದ ಮೇಲೆ ಲೆಕ್ಕ ಹದಿಮೂರು ದಾಟಿತು. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ತಾನಾಗಿಯೇ ಸಿಡಿದು ಪಿಸ್ಟನ್ನನ್ನು ಕೊರೆಯುತ್ತದೆ, ಯಾರೇ ಓಡಿಸಲಿ.

ಆರ್ವೊ ಕನ್ನಡಕ ಒರೆಸಿಕೊಂಡು ತಾನೇ ಅಳೆದ. ಮತ್ತೆ ಅಳೆದ. ನಾನು ಕಾಫಿ ಬಗ್ಗಿಸಿಕೊಟ್ಟೆ, ಯಾರೂ ಮುಟ್ಟಲಿಲ್ಲ.

"ತಪ್ಪು ನಿಂದಲ್ಲ," ಎಂದ ಕೊನೆಗೆ. "ನಂದು. ಶನಿವಾರ ಓಟದ ದಿನ ಆ ಸಾಸೇಜ್ ಅಂಗಡಿ ಮುಂದೇನೇ ನಿಂತು ಹೇಳ್ತೀನಿ."

"ಅವರಿಗೆ ಹೇಳಿದ್ರೆಷ್ಟು, ಬಿಟ್ರೆಷ್ಟು," ಎಂದಳು ಹೆಲ್ಕ, ಕೈಯ ಗ್ರೀಸ್ ಒರೆಸುತ್ತ. "ಅಮ್ಮನಿಗೆ ಹೇಳು."

ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮೊಣಕಾಲುದ್ದ ಹಿಮ. ಆರ್ವೊ ಬರಿಗೈಯಲ್ಲೇ ಅಕ್ಕನ ಸಮಾಧಿಯ ಕಲ್ಲಿನ ಮೇಲಿನ ಹಿಮ ಸರಿಸಿ ಟೋಪಿ ತೆಗೆದ.

"ಲೆಂಪಿ, ಹುಡುಗಿ ಗೇರ್ ಸರಿಯಾಗೇ ಹಾಕಿದ್ಲು ಕಣೆ."

ಹೆಲ್ಕ ಅಪ್ಪನ ಪಕ್ಕದಲ್ಲಿರಲಿಲ್ಲ. ಕಲ್ಲಿನ ಆಚೆ ಬದಿಗೆ, ಅಮ್ಮನ ಕಡೆಗೆ ಹೋಗಿ, ಅಪ್ಪನಿಗೆ ಎದುರಾಗಿ ನಿಂತು ಕೇಳಿಸಿಕೊಂಡಳು.