ದ್ರಾಕ್ಷಿ ಕೇಕಿನ ಎರಡು ತುಂಡು

ವರ್ಷದ ಕೊನೆಯ ಭಾನುವಾರ ಒಡಹುಟ್ಟಿದವರೆಲ್ಲ ದೊಡ್ಡಕ್ಕನ ಮನೆಯಲ್ಲಿ ಊಟಕ್ಕೆ ಸೇರುವುದು ಮೊದಲಿನಿಂದ ನಡೆದು ಬಂದಿತ್ತು. ದೊಡ್ಡಕ್ಕ ಇಪ್ಪತ್ತಾರು ವರ್ಷದಿಂದ ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ದಿನಕ್ಕೆ ನಾನೂರು ಮಕ್ಕಳ ಹೊಟ್ಟೆ ತುಂಬಿಸುವ ಕೈ ಅದು. ಮನೆಗೆ ಬಂದವರು ಸಾಕು ಎಂದರೆ ಆ ಮಾತು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸಿಬಿಡುತ್ತಾಳೆ ಎಂದು ಬಸ್ ಡ್ರೈವರ್ ಆಗಿದ್ದ ಅವಳ ಗಂಡ ನಗುತ್ತಿದ್ದ.

ಆ ವರ್ಷ ಕಿರಿಯ ತಮ್ಮನ ಜೊತೆ ಮೇಷ್ಟ್ರೂ ಬಂದಿದ್ದರು. ಮೇಷ್ಟ್ರು ಎಂದರೆ ನಾಯಿ. ತಮ್ಮನಿಗೆ ಹದಿನೇಳನೆಯ ವಯಸ್ಸಿಗೇ ಕಣ್ಣು ಪೂರ್ತಿ ಹೋಗಿತ್ತು. ಈಗ ಆಸ್ಪತ್ರೆಯೊಂದರ ಟೆಲಿಫೋನ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ. ದಾರಿ ತೋರಿಸಲೆಂದೇ ತರಬೇತಿ ಪಡೆದ ಈ ಕಂದು ನಾಯಿ ಅವನ ಕೈಸೇರಿ ಎಂಟು ತಿಂಗಳಾಗಿತ್ತು. ತಲೆ ಎತ್ತಿ, ಅತ್ತಿತ್ತ ನೋಡದೆ, ತಡವಾಗಿ ಬಂದ ಮಕ್ಕಳನ್ನು ವಿಚಾರಿಸಲು ಹೊರಟಂತೆ ಅದು ನಡೆಯುವುದನ್ನು ಕಂಡು ಆಸ್ಪತ್ರೆಯವರು ಆ ಹೆಸರಿಟ್ಟಿದ್ದರು. ಮನೆಯವರೂ ತಮಾಷೆಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಒಳಗೆ ಬರುತ್ತಲೇ ತಮ್ಮ ಹೇಳಿದ: "ಅಕ್ಕ, ಇದಕ್ಕೆ ಯಾರೂ ಏನೂ ಹಾಕ್ಬೇಡಿ. ಬೆಳಿಗ್ಗೆ ತಿಂದಿದೆ. ಇನ್ನು ಸಂಜೆ ನಾನೇ ಕೊಡ್ತೀನಿ."

"ಇಷ್ಟು ಜನ ತಿನ್ನೋವಾಗ ಅದೊಂದು ಬಾಯಿ ಕಟ್ಕೊಂಡು ಕೂರಬೇಕೇನೋ?"

"ಈರುಳ್ಳಿ, ಚಾಕೊಲೇಟ್, ಒಣದ್ರಾಕ್ಷಿ ಎಲ್ಲ ನಾಯಿಗೆ ವಿಷ ಅಕ್ಕ. ಬೇಯಿಸಿದ ಮೂಳೆ ಕೂಡ ಒಳಗೆ ಚುಚ್ಚುತ್ತೆ. ತರಬೇತೀಲಿ ಹೇಳಿ ಕಳಿಸಿದ್ದಾರೆ."

"ಅಪ್ಪ ಸಾಕಿದ ನಾಯಿ ಹದಿನಾಲ್ಕು ವರ್ಷ ಬದುಕ್ತು. ನಮ್ಮ ತಟ್ಟೇಲಿ ಮಿಕ್ಕಿದ್ದೆಲ್ಲ ಅದರ ಹೊಟ್ಟೆಗೇ ಹೋಗ್ತಿತ್ತು. ಮರೆತ್ಯಾ?"

"ಮರೆತಿಲ್ಲ. ಆದ್ರೂ ಬೇಡ," ಎಂದು ತಮ್ಮ ನಕ್ಕ. ನಾಯಿಯ ಬೆನ್ನಿನ ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಹಾಯಾಗಿರಲಿ ಎಂದು ಬಿಟ್ಟ.

ಊಟ ಮುಗಿಯುವ ಹೊತ್ತಿಗೆ ದೊಡ್ಡಕ್ಕ ಅಡುಗೆಮನೆಯಲ್ಲಿ ಕೇಕ್ ಕತ್ತರಿಸುತ್ತಿದ್ದಳು. ವಾರದಿಂದ ಹಣ್ಣಿನ ರಸದಲ್ಲಿ ನೆನೆಸಿಟ್ಟ ಒಣದ್ರಾಕ್ಷಿಯನ್ನು ಧಾರಾಳವಾಗಿ ಸುರಿದು ಮಾಡಿದ ಕೇಕು. ನಾಯಿ ಬಾಗಿಲಲ್ಲಿ ಬಂದು ಕುಳಿತಿತು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ, ಸುಮ್ಮನೆ ನೋಡಿತು. ಹಸಿದ ಮಗು ಹಾಗೆ ನೋಡಿದರೆ ಅವಳ ಕೈ ತಡೆಯುತ್ತಿರಲಿಲ್ಲ, ಈಗಲೂ ತಡೆಯಲಿಲ್ಲ. "ನಿಮ್ಮ ಯಜಮಾನರಿಗೆ ಹೇಳ್ಬೇಡಿ ಮೇಷ್ಟ್ರೇ," ಎಂದು ಮೆಲ್ಲಗೆ ಒಂದು ತುಂಡು ಇಟ್ಟಳು. ಅದು ಮಾಯವಾದ ವೇಗ ನೋಡಿ ಇನ್ನೊಂದು ಇಟ್ಟಳು.

ಮೂರು ಗಂಟೆಗೆ ನಾಯಿ ನಡುಮನೆಯ ಚಾಪೆಯ ಮೇಲೆ ವಾಂತಿ ಮಾಡಿಕೊಂಡಿತು. ಮೊದಲು ಓಡಿ ಬಂದವಳು ದೊಡ್ಡಕ್ಕನೇ. ಬಾಗಿ ನೋಡಿದಳು. ಉಬ್ಬಿದ ದ್ರಾಕ್ಷಿಗಳು ಎದ್ದು ಕಾಣುತ್ತಿದ್ದವು.

"ಅಕ್ಕ, ವಾಂತೀಲಿ ಏನಿದೆ ನೋಡು," ಎಂದ ತಮ್ಮ ನಾಯಿಯ ಹೊಟ್ಟೆ ಸವರುತ್ತ. "ಯಾರಾದ್ರೂ ಏನಾದ್ರೂ ಹಾಕಿದ್ರಾ?"

ಬಟ್ಟೆ ಅವಳ ಕೈಯಲ್ಲೇ ಇತ್ತು. ಉಳಿದವರು ಹತ್ತಿರ ಬರುವ ಮೊದಲೇ ಅವಳು ಚಾಪೆ ಒರೆಸಿಬಿಟ್ಟಳು. "ಬರೀ ನೀರು ಕಣೋ. ಬಿಸಿಲಲ್ಲಿ ನಡೆದು ಬಂದಿದೆ, ಅದಕ್ಕೇ ಇರಬೇಕು," ಎಂದಳು. ಕಣ್ಣಿಲ್ಲದ ತಮ್ಮನ ಎದುರೇ ತಾನು ಏನು ಮಾಡಿದೆ ಎಂಬುದು, ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕುವಾಗ ಅವಳಿಗೆ ಹೊಳೆಯಿತು. ತಿರುಗಿ ಹೋಗಿ ಹೇಳೋಣ ಎಂದುಕೊಂಡಳು. ನಡುಮನೆಯಲ್ಲಿ ಹನ್ನೊಂದು ಜನ ಇದ್ದರು. ಬುಟ್ಟಿಯ ಮುಚ್ಚಳ ಹಾಕಿ ಅಡುಗೆಮನೆಯಲ್ಲೇ ಉಳಿದಳು.

ನಾಯಿ ನೀರನ್ನೂ ಮುಟ್ಟದೆ ಮಲಗಿದ್ದು ಕಂಡು ದೊಡ್ಡಕ್ಕನ ಗಂಡನೇ ಆಟೋ ಹಿಡಿದು ತಂದ. ಪ್ರಾಣಿಗಳ ಆಸ್ಪತ್ರೆಗೆ ತಮ್ಮನ ಜೊತೆ ದೊಡ್ಡಕ್ಕನೂ ಹೊರಟಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನಾಯಿಯ ವಸಡು ನೋಡಿ, ಹೊಟ್ಟೆ ಒತ್ತಿ, "ಇವತ್ತು ಏನು ತಿಂದಿದೆ?" ಎಂದು ಕೇಳಿದರು.

"ಬೆಳಿಗ್ಗೆ ಅದರ ಊಟ ಬಿಟ್ರೆ ಏನೂ ಇಲ್ಲ," ಎಂದ ತಮ್ಮ. "ಬೇರೆ ಕಡೆ ಆಗಿದ್ರೆ ಅನುಮಾನ ಪಡ್ತಿದ್ದೆ ಡಾಕ್ಟ್ರೇ. ನಾವಿದ್ದಿದ್ದು ನಮ್ಮಕ್ಕನ ಮನೇಲಿ."

"ಹಾಗಾದ್ರೆ ಸುಮ್ನೆ ಹೊಟ್ಟೆ ಕೆಟ್ಟಿರಬಹುದು. ವಾಂತಿ ನಿಲ್ಲೋಕೆ ಇಂಜೆಕ್ಷನ್ ಕೊಡ್ತೀನಿ. ನಾಳೆನೂ ಹೀಗೇ ಇದ್ರೆ ಕರ್ಕೊಂಡು ಬನ್ನಿ."

ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಳ್ಳತೊಡಗಿದರು.

"ದ್ರಾಕ್ಷಿ," ಎಂದಳು ದೊಡ್ಡಕ್ಕ.

ಇಬ್ಬರೂ ಅವಳ ಕಡೆ ತಿರುಗಿದರು.

"ದ್ರಾಕ್ಷಿ ಕೇಕು. ಎರಡು ತುಂಡು. ನಾನೇ ಹಾಕ್ದೆ. ವಾಂತೀಲಿ ದ್ರಾಕ್ಷಿ ಇತ್ತು. ನಾನೇ ಒರೆಸಿದೆ."

ಡಾಕ್ಟರು ಸಿರಿಂಜನ್ನು ಕೆಳಗಿಟ್ಟರು. "ಎಷ್ಟು ಹೊತ್ತಿಗೆ?"

"ಎರಡು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಹತ್ತು ನಿಮಿಷವಿತ್ತು. "ಹೊಟ್ಟೇಲಿ ಇನ್ನೂ ಉಳಿದಿರುತ್ತೆ. ಅದನ್ನ ಕಕ್ಕಿಸ್ಬೇಕು. ಆಮೇಲೆ ಡ್ರಿಪ್ ಹಾಕಿ ಇಲ್ಲೇ ಇಟ್ಕೋತೀವಿ. ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ರೆ ಎರಡು ದಿನದಲ್ಲಿ ಕಿಡ್ನಿ ಕೈಕೊಡ್ತಿತ್ತೋ ಏನೋ."

"ನಮ್ಮಪ್ಪನ ನಾಯಿ ಎಲ್ಲಾನೂ ತಿಂತಿತ್ತು. ಅದಕ್ಕೇನೂ ಆಗ್ಲಿಲ್ಲ," ಎಂದಳು ದೊಡ್ಡಕ್ಕ. ವಾದಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

"ಕೆಲವಕ್ಕೆ ಒಂದು ಹಿಡಿ ತಿಂದ್ರೂ ಏನೂ ಆಗಲ್ಲ ಅಮ್ಮ. ಕೆಲವಕ್ಕೆ ನಾಲ್ಕೈದು ಸಾಕು. ಯಾವುದಕ್ಕೆ ಅಂತ ಮೊದಲೇ ಯಾರಿಗೂ ಗೊತ್ತಾಗಲ್ಲ. ನಿಮ್ಮಪ್ಪನ ನಾಯಿದು ಅದೃಷ್ಟ."

ತಮ್ಮ ಬಗ್ಗಿ ನಾಯಿಯ ಕಿವಿ ಸವರುತ್ತ ನಿಂತ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೇಷ್ಟ್ರು ಮೂರು ದಿನ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಶಾಲೆಗೆ ರಜೆಯಿತ್ತು, ತಮ್ಮನ ಕೆಲಸಕ್ಕೆ ರಜೆಯಿರಲಿಲ್ಲ. ಸೋಮವಾರ ಬೆಳಿಗ್ಗೆ ದೊಡ್ಡಕ್ಕ ಹೇಳದೆ ಕೇಳದೆ ಅವನ ಬಾಗಿಲಲ್ಲಿ ಹೋಗಿ ನಿಂತಳು. ಅವನು ಬೇಡವೆನ್ನಲಿಲ್ಲ. ಅವಳು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಾಗ ಮಾತ್ರ, "ಎಳೀಬೇಡ ಅಕ್ಕ. ನೀನು ಮುಂದೆ ನಡಿ, ನಿನ್ನ ಮೊಣಕೈ ನಾನು ಹಿಡ್ಕೋತೀನಿ," ಎಂದ.

ಬಸ್ ನಿಲ್ದಾಣಕ್ಕೆ ಹತ್ತೇ ನಿಮಿಷದ ದಾರಿ. ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದ ಸ್ಕೂಟರುಗಳು, ಬಾಯಿ ತೆರೆದ ಚರಂಡಿ, ತಲೆ ಎತ್ತರಕ್ಕೆ ಚಾಚಿಕೊಂಡ ಅಂಗಡಿಯ ಬೋರ್ಡು ಯಾವುದನ್ನೂ ಅವಳು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಚರಂಡಿ ತಪ್ಪಿಸುವ ಗಡಿಬಿಡಿಯಲ್ಲಿ ಬೋರ್ಡು ಮರೆತಳು. ಅದು ತಮ್ಮನ ಹಣೆಗೆ ಬಡಿಯಿತು.

"ಅಯ್ಯೋ, ನೋಡ್ಲಿಲ್ಲ ಕಣೋ."

"ಮೇಷ್ಟ್ರು ನೋಡ್ತಿದ್ರು," ಎಂದ ತಮ್ಮ ಹಣೆ ಉಜ್ಜಿಕೊಳ್ಳುತ್ತ. ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಅವಳು ದಾರಿಯುದ್ದಕ್ಕೂ ತಲೆ ತಗ್ಗಿಸಿ ನಡೆದಳು.

ನಾಲ್ಕನೆಯ ದಿನ ನಾಯಿ ಸೋತ ಮೈಯಲ್ಲಿ ಹೊರಬಂತು. ರಕ್ತಪರೀಕ್ಷೆಗೆ ಮತ್ತೆ ಮತ್ತೆ ಹೋಗಬೇಕಾಯಿತು. ತಿಂಗಳು ಕಳೆದ ಮೇಲೆ ಡಾಕ್ಟರು, ಕಿಡ್ನಿಗೆ ಪೆಟ್ಟಾಗಿಲ್ಲ ಎಂದರು. ತಮ್ಮ ಅಕ್ಕನಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿ ಇಟ್ಟುಬಿಟ್ಟ.

ಬೇಸಿಗೆಯಲ್ಲಿ ದೊಡ್ಡಕ್ಕನ ಮದುವೆಯಾಗಿ ಮೂವತ್ತು ವರ್ಷ ತುಂಬಿದ್ದಕ್ಕೆ ಎಲ್ಲರೂ ಮತ್ತೆ ಸೇರಿದರು. ತಮ್ಮನೂ ಬಂದ. ಈ ಸಲ ಅವನು ನಾಯಿಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡೇ ಊಟಕ್ಕೆ ಕುಳಿತ. ಊಟಕ್ಕೆ ಮೊದಲು ಕೈ ತೊಳೆಯಲು ಹೋದಾಗಲೂ ನಾಯಿ ಜೊತೆಗೇ ಹೋಗಿತ್ತು. ದೊಡ್ಡಕ್ಕ ನೋಡಿಯೂ ನೋಡದಂತೆ ಬಡಿಸುತ್ತಿದ್ದಳು.

ಪಕ್ಕದ ಮನೆಯಾಕೆ ತನ್ನ ತಟ್ಟೆಯಿಂದ ಚಾಕೊಲೇಟಿನ ತುಂಡೊಂದನ್ನು ಎತ್ತಿ ಮೇಜಿನ ಕೆಳಗೆ ಕೈ ಚಾಚಿದಳು. "ಪಾಪ, ಹೇಗೆ ನೋಡುತ್ತೆ. ಒಂದು ಚೂರು ಹಾಕಿದ್ರೆ ಏನಾಗುತ್ತೆ ಬಿಡಿ."

"ಬೇಡ," ಎಂದು ದೊಡ್ಡಕ್ಕ ಅವಳ ಕೈ ಹಿಡಿದಳು.

"ಹೌದು, ಹಾಕ್ಬೇಡಿ," ಎಂದ ದೊಡ್ಡಕ್ಕನ ಚಿಕ್ಕ ತಂಗಿಯ ಗಂಡ. "ಹೋದ ಸಲ ಬರೋ ದಾರೀಲಿ ಏನೋ ತಿಂದುಬಿಟ್ಟು ಸಾಯೋ ಹಾಗಾಗಿತ್ತಂತೆ."

ದೊಡ್ಡಕ್ಕ ತಮ್ಮನ ಮುಖ ನೋಡಿದಳು. ದಾರಿಯಲ್ಲಿ! ಹಾಗೆಂದು ಹೇಳಿದ್ದವನು ಅವನೇ. ಐದು ತಿಂಗಳಿಂದ ಮನೆಯವರೆಲ್ಲರ ಮುಂದೆ ಅವಳ ಮಾನ ಕಾಪಾಡಿಕೊಂಡು ಬಂದಿದ್ದ. ಈಗಲೂ ತಲೆ ತಗ್ಗಿಸಿ, ಏನೂ ಕೇಳಿಸದವನಂತೆ ಉಣ್ಣುತ್ತಿದ್ದ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು.

"ದಾರೀಲಿ ತಿಂದಿದ್ದಲ್ಲ. ನನ್ನ ಅಡುಗೆಮನೇಲಿ ತಿಂದಿದ್ದು. ಬೇಡ ಅಂತ ಇವನು ಹೇಳಿದ್ರೂ ಕೇಳದೆ ನಾನೇ ಹಾಕ್ದೆ. ವಾಂತಿ ಆದಾಗ ನಿಮ್ಮೆಲ್ಲರ ಮುಂದೆ ಸುಳ್ಳೂ ಹೇಳ್ದೆ."

ಪಕ್ಕದ ಮನೆಯಾಕೆ ಚಾಕೊಲೇಟನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟಳು.

ತಮ್ಮ ಊಟ ಮುಗಿಸಿ ಎದ್ದ. ಎಡಗೈಯಿಂದ ಮಣಿಕಟ್ಟಿನ ಹಗ್ಗ ಬಿಚ್ಚಿ, ಅಕ್ಕನ ದನಿ ಬಂದ ಕಡೆಗೆ ಚಾಚಿದ.

"ಸ್ವಲ್ಪ ಹಿಡ್ಕೊಂಡಿರು ಅಕ್ಕ. ಕೈ ತೊಳ್ಕೊಂಡು ಬರ್ತೀನಿ."